ಅಪ್ಪನ ಪಕ್ಕ ಕೂರುವಷ್ಟು ಉಸಿರು

ಚಳ್ಳಕೆರೆಯ ನಮ್ಮ ಡಾಕ್ಟರಮ್ಮ ಮೊದಲ ಸಲ ನನ್ನ ಎದೆ, ಬೆನ್ನು ಎಲ್ಲ ನೋಡಿ ಮುಗಿಸಿದ ಮೇಲೆ ಒಂದು ವಿಚಿತ್ರವಾದ ಪ್ರಶ್ನೆ ಕೇಳಿದರು. "ಈ ಅಸ್ತಮಾ ಪೂರ್ತಿ ಬಿಟ್ಟು ಹೋಗುತ್ತೆ ಅಂತ ನಾನು ಹೇಳಲ್ಲ. ಆದರೆ ಹತೋಟಿಗೆ ಬರುತ್ತೆ. ಬಂದ ಮೇಲೆ ನಿಮಗೆ ಏನು ಮಾಡಬೇಕು ಅಂತ ಆಸೆ ಇದೆ?" ಅಂದರು. ನಿನಗೇನು ಆಸೆ ಅಂತ ಮದುವೆಗೆ ಮುಂಚೆ ನನ್ನನ್ನು ಯಾರೂ ಕೇಳಿರಲಿಲ್ಲ, ಮದುವೆಯಾದ ಮೇಲಂತೂ ಕೇಳುವ ಮಾತೇ ಇಲ್ಲ. ಕೊನೆಗೆ ಅವರೇ ದಾರಿ ತೋರಿಸಿದರು. ಕೆಲವರು ನಿಲ್ಲದೆ ಮೆಟ್ಟಿಲು ಹತ್ತಬೇಕು ಅನ್ನುತ್ತಾರಂತೆ. ಕೆಲವರಿಗೆ ಬೆಳಗಿನ ತನಕ ಒಂದೇ ನಿದ್ದೆ ಬೇಕಂತೆ. ಒಬ್ಬಾಕೆ ಮಗಳ ಮದುವೆಯಲ್ಲಿ ಕುಣಿಯಬೇಕು ಅಂದಿದ್ದರಂತೆ.

"ನಮ್ಮಪ್ಪನ ಕುರಿ ಮಂದೇಲಿ ಅಪ್ಪನ ಪಕ್ಕ ಕೂರಬೇಕು ಮೇಡಂ," ಅಂದೆ.

ಅವರು ಪೆನ್ನು ಕೆಳಗಿಟ್ಟರು. ನನಗೆ ದಮ್ಮು ಹತ್ತುವುದೇ ಕುರಿಯ ಉಣ್ಣೆಯಿಂದ, ಮಂದೆಯ ಧೂಳಿನಿಂದ ಅಂತ ಅವರು ಆಗ ತಾನೇ ಬಿಡಿಸಿ ಹೇಳಿ ಮುಗಿಸಿದ್ದರು. "ಬೇರೆ ಏನಾದ್ರೂ ಇದ್ರೆ ಹೇಳಿ," ಅಂದರು. ಬೇರೆ ಏನೂ ಇರಲಿಲ್ಲ. ಇದ್ದಿದ್ದರೆ ನನಗೂ ಸುಲಭವಾಗುತ್ತಿತ್ತು, ಅವರಿಗೂ.

ನನ್ನ ತವರು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ದೇವಸಮುದ್ರದಿಂದ ಸ್ವಲ್ಪ ಒಳಕ್ಕೆ. ಊರು ಅನ್ನುವುದಕ್ಕಿಂತ ಹಟ್ಟಿ ಅಂದರೆ ಸರಿ, ಮನೆಗಳಿಗಿಂತ ಕುರಿ ರೊಪ್ಪಗಳೇ ಹೆಚ್ಚು. ಅಪ್ಪ ಕುರಿ ಕಾಯುವವನು. ಅವರಪ್ಪನೂ ಅದೇ. ಈಗ ನನ್ನ ತಮ್ಮನೂ ಅದೇ, ಅವನ ಹತ್ತಿರ ಬೈಕು ಮೊಬೈಲು ಇವೆ ಅನ್ನುವುದಷ್ಟೇ ಬೇರೆ. ಶೇಂಗಾ ಕಿತ್ತು ಹೊಲಗಳು ಬರಿದಾದ ಮೇಲೆ ಅಪ್ಪ ಮಂದೆ ಹೊಡೆದುಕೊಂಡು ಹೊರಡುತ್ತಿದ್ದ. ಒಬ್ಬೊಬ್ಬರ ಹೊಲದಲ್ಲಿ ಒಂದಷ್ಟು ದಿನ ಕುರಿ ನಿಲ್ಲಿಸಿದರೆ ಅವರ ಹೊಲಕ್ಕೆ ಗೊಬ್ಬರವಾಯಿತು, ಕುರಿಗೆ ಮೇವಾಯಿತು, ನಮ್ಮ ಮನೆಗೆ ಜೋಳವೋ ನವಣೆಯೋ ಬಂತು. ಪರಶುರಾಂಪುರದ ತನಕ ಹೋಗುತ್ತಿದ್ದ, ಕೆಲವು ವರ್ಷ ಆಂಧ್ರದ ಒಳಕ್ಕೂ. ನಮ್ಮ ಜೊತೆ ಕನ್ನಡ ಮಾತಾಡುವ ಅಪ್ಪ ಕುರಿಗಳನ್ನು ಮಾತ್ರ ತೆಲುಗಿನಲ್ಲಿ ಬೈಯುತ್ತಿದ್ದ. ನಮಗಿಂತ ಅವು ಹೇಳಿದ ಮಾತು ಕೇಳುತ್ತಿದ್ದವು, ಅದೂ ನಿಜ.

ಶಾಲೆಗೆ ರಜೆ ಬಂದರೆ ನಾನು ಮಂದೆಗೆ ಹೊರಡುತ್ತಿದ್ದೆ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುವಳು. ಬಿಸಿಲೇರಿದ ಮೇಲೆ ಕುರಿ ಮೇಯುವುದಿಲ್ಲ; ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ಗುಂಪುಗಟ್ಟಿ ನಿಂತುಬಿಡುತ್ತವೆ. ಆ ಹೊತ್ತು ಅಪ್ಪ ಹುಣಸೆ ಮರದ ಬುಡದಲ್ಲಿ ಕಂಬಳಿ ಹಾಸಿ ಕೂರುತ್ತಿದ್ದ. ನಾನು ಅವನ ಪಕ್ಕೆಗೆ ಒರಗಿ ಕಂಬಳಿಯ ಉಳಿದ ಅರ್ಧವನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದೆ. ಮಳೆಗೆ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಿದ್ದ, ಚಳಿಗೆ ಅದನ್ನೇ ಹೊದೆಯುತ್ತಿದ್ದ, ಆಗ ತಾನೇ ಹುಟ್ಟಿದ ಮರಿಯನ್ನು ಅದರಲ್ಲೇ ಸುತ್ತಿ ತರುತ್ತಿದ್ದ. ಅದಕ್ಕೊಂದು ವಾಸನೆ ಇತ್ತು. ಉಣ್ಣೆಯ ಜಿಡ್ಡು, ಹಿಕ್ಕೆ, ಕುರಿಹಾಲು, ಬೀಡಿ, ಅಪ್ಪನ ಬೆವರು. ಬಿಡಿಬಿಡಿಯಾಗಿ ಹೇಳಿದರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಾರೆ. ಎಲ್ಲ ಸೇರಿದರೆ ಅದು ನಮ್ಮಪ್ಪ. ಕಣ್ಣು ಮುಚ್ಚಿದರೆ ನನಗೆ ಅವನ ಮುಖ ಆಮೇಲೆ ಬರುತ್ತದೆ, ಮೊದಲು ಅದು ಬರುತ್ತದೆ.

ಚಳ್ಳಕೆರೆಗೆ ನನ್ನನ್ನು ಮದುವೆ ಮಾಡಿಕೊಟ್ಟರು. ನಮ್ಮ ಯಜಮಾನರದು ಬಳ್ಳಾರಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ, ಅದರ ಹಿಂದೆಯೇ ಮನೆ. ಊರವರ ಟಯರಿಗೆಲ್ಲ ಗಾಳಿ ತುಂಬುವವರ ಹೆಂಡತಿಗೇ ಗಾಳಿ ಸಾಲದೆ ಹೋಯಿತಲ್ಲ ಅಂತ ನಾನೇ ಎಷ್ಟೋ ಸಲ ಅವರನ್ನು ಚುಡಾಯಿಸಿದ್ದೇನೆ. ನಾನು ಮನೆಯಲ್ಲಿ ಕೂತು ಮೊಳಕಾಲ್ಮುರು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ರೇಷ್ಮೆ ನನ್ನನ್ನು ಏನೂ ಮಾಡುವುದಿಲ್ಲ. ಯಾವುದೋ ಹುಳು ಉಗುಳಿದ ನೂಲು ಒಗ್ಗುತ್ತದೆ, ಹುಟ್ಟಿದಾಗಿನಿಂದ ಜೊತೆಗಿದ್ದ ಕುರಿಯ ಕೂದಲು ಒಗ್ಗುವುದಿಲ್ಲ. ಈ ಕಾಯಿಲೆಗೆ ನಂಟು ಗಿಂಟು ಏನೂ ಗೊತ್ತಾಗುವುದಿಲ್ಲ.

ಎರಡನೆಯ ಮಗು ಆದ ಮೇಲೆ ಅದು ಶುರುವಾಯಿತು. ಶುರುವಾಗಿದ್ದು ಕಾಯಿಲೆ ಅಂತ ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಅದು ಬರುತ್ತಿದ್ದುದು ತವರಿಗೆ ಹೋಗಿ ಬಂದಾಗ. ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಕಣ್ಣು ಕೆಂಪಾಗಿ, ಮೂಗು ಕಟ್ಟಿ, ಮಾತಿನ ಮಧ್ಯೆ ಉಸಿರು ತುಂಡಾಗುತ್ತಿತ್ತು. ತವರಿನಿಂದ ಬಂದ ಹೆಣ್ಣು ಹಾಗಿದ್ದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ. "ಅತ್ತೂ ಅತ್ತೂ ಹೆಂಗಾಗ್ಯಾಳೆ ನೋಡು, ಇನ್ನೂ ತವ್ರು ಮರ್ತಿಲ್ಲ," ಅಂತ ಪಕ್ಕದ ಮನೆಯವರು ಮರುಗುತ್ತಿದ್ದರು. ನಮ್ಮ ಯಜಮಾನರು ಮೆದು ಮನಸ್ಸಿನವರು. ಹೆಂಡತಿ ಬಿಕ್ಕುವುದು ನೋಡಲಾರದೆ, "ಇನ್ನೊಂದು ವಾರ ಇದ್ದು ಬಾ, ಮನಸ್ಸು ಹಗುರಾಗ್ತೈತೆ," ಅಂತ ಮತ್ತೆ ಬಸ್ಸು ಹತ್ತಿಸುತ್ತಿದ್ದರು. ಹೋಗಿ ಇನ್ನಷ್ಟು ಬಿಕ್ಕುತ್ತಾ ಬರುತ್ತಿದ್ದೆ. ಅವರು ಇನ್ನಷ್ಟು ಮರುಗುತ್ತಿದ್ದರು. ಬೇಡ ಅನ್ನಲು ನನಗಾದರೂ ಏನು ಹುಚ್ಚೇ? ತವರಿಗೆ ಹೋಗು ಅನ್ನುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ?

ಕೊನೆಗೆ ಔಷಧಿ ಅಂಗಡಿಯವರೇ ಎದೆಯ ಸೀಟಿ ಕೇಳಿ ನೀಲಿ ಪಂಪು ಕೊಟ್ಟರು. ಸಂಕಟ ಬಂದಾಗ ವೆಂಕಟರಮಣ ಅನ್ನುವ ಹಾಗೆ ಉಸಿರು ಕಟ್ಟಿದಾಗ ಮಾತ್ರ ಅದನ್ನು ಹೊರಗೆ ತೆಗೆಯುತ್ತಿದ್ದೆ, ಉಳಿದ ಹೊತ್ತು ಸೀರೆಗಳ ಕೆಳಗೆ ಬಚ್ಚಿಡುತ್ತಿದ್ದೆ. ಪಂಪು ಹಿಡಿದರೆ ಸಾಯುವ ತನಕ ಬಿಡುವುದಿಲ್ಲ ಅಂತ ಎಲ್ಲರೂ ಹೆದರಿಸುತ್ತಿದ್ದರು. ಊಟವೂ ಹಾಗೇ ತಾನೆ, ಸಾಯುವ ತನಕ ಬಿಡುವುದಿಲ್ಲ. ಅದನ್ನು ಚಟ ಅಂತ ಯಾರೂ ಅನ್ನುವುದಿಲ್ಲ.

ಮಗಳಿಗೆ ದಮ್ಮಿನ ಕಾಯಿಲೆ ಅಂತ ಗೊತ್ತಾದಾಗ ಅಪ್ಪ ಹೆದರಲಿಲ್ಲ. ಅವನಿಗೆ ಅದರ ಮದ್ದು ಗೊತ್ತಿತ್ತು. ಆ ಸಲ ನಾನು ಹಟ್ಟಿಗೆ ಹೋದಾಗ ನಡುಮನೆಯಲ್ಲಿ ಕೂತು ಅವ್ವನ ಮುಂದೆ ಅಧಿಕಾರದಿಂದ ಹೇಳಿದ.

"ಕುರಿ ಉಸ್ರು ಎದಿಗೆ ಬಿದ್ರೆ ಯಾವ ಎದೆ ರೋಗನೂ ನಿಲ್ಲಲ್ಲ. ನಮ್ಮಜ್ಜಗೆ ಕ್ಷಯ ಬಂದಾಗ ಮಂದೆ ನಡುವೆನೇ ಇಟ್ಟಿದ್ರು. ಎದ್ದು ಓಡಾಡ್ದ. ನಾಳೆ ನನ್ ಜೊತೆ ಬಾರವ್ವ."

ನಮ್ಮ ಹಟ್ಟಿಯಲ್ಲಿ ಇದನ್ನು ನಂಬದವರು ಯಾರೂ ಇರಲಿಲ್ಲ, ನಾನೂ ನಂಬಿದ್ದೆ. ನಂಬದಿದ್ದರೂ ಹೋಗುತ್ತಿದ್ದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮಾರನೆಯ ದಿನ ಬಿಸಿಲೇರಿ ಕುರಿಗಳು ಗುಂಪುಗಟ್ಟಿದ ಮೇಲೆ ಅಪ್ಪ ಅವುಗಳ ನಡುವೆ ಜಾಗ ಮಾಡಿ ಕಂಬಳಿ ಹಾಸಿದ. ನನ್ನನ್ನು ಕೂರಿಸಿ ತಾನು ಪಕ್ಕಕ್ಕೆ ಕೂತ. ಒಂದು ದೊಡ್ಡ ಟಗರನ್ನು ಎಳೆದು ಅದರ ಮೂತಿ ನನ್ನ ಮುಖದ ಹತ್ತಿರ ಬರುವ ಹಾಗೆ ಹಿಡಿದ. ಎಷ್ಟು ವರ್ಷವಾಗಿತ್ತು ಹಾಗೆ ಕೂತು. ಅದರ ಬಿಸಿ ಉಸಿರು, ಕೊರಳ ಗಂಟೆ, ಅಪ್ಪನ ಒರಟು ಕೈ. ಸುಖವಾಗಿತ್ತು ಅಂದರೆ ಈಗಲೂ ಡಾಕ್ಟರಮ್ಮ ಬೈಯುತ್ತಾರೆ, ಆದರೆ ಸುಖವಾಗಿತ್ತು.

ಮೊದಲು ಗಂಟಲು ಕೆರೆಯಿತು. ಆಮೇಲೆ ಎದೆಯೊಳಗೆ ಸೀಟಿ. ನೀಲಿ ಪಂಪು ಒತ್ತಿದೆ, ಮತ್ತೆ ಒತ್ತಿದೆ. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಮೈ ನಡುಗಲು ಶುರುವಾಯಿತು. ನಾನು ನಡುಗುವುದು ಚಳಿಜ್ವರದಿಂದ ಅಂದುಕೊಂಡ ಅಪ್ಪ ಕಂಬಳಿಯನ್ನು ನನ್ನ ಮೇಲೆ ಎಳೆದ. ನಾನು ತಲೆ ಅಲ್ಲಾಡಿಸಿದೆ. ಮಾತು ಬರಲಿಲ್ಲ. ಅವನು ಇನ್ನೂ ಬಿಗಿಯಾಗಿ ಸುತ್ತಿ, ಕೂಸನ್ನು ಹಿಡಿದ ಹಾಗೆ ಎದೆಗೆ ಒತ್ತಿಕೊಂಡು, "ಬಿಡ್ತೈತೆ ಅವ್ವ, ಬಿಡ್ತೈತೆ, ಉಸ್ರು ತಗಾ," ಅನ್ನುತ್ತಿದ್ದ. ನನ್ನನ್ನು ಉಳಿಸಲು ಅವನಿಗೆ ಗೊತ್ತಿದ್ದುದನ್ನೆಲ್ಲ ಮಾಡುತ್ತಿದ್ದ. ನಾನು ಅದರೊಳಗೇ ಮುಳುಗುತ್ತಿದ್ದೆ.

ತಮ್ಮ ದೂರದಿಂದ ನೋಡಿ ಓಡಿ ಬಂದು, ಕಂಬಳಿ ಕಿತ್ತೆಸೆದು, ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊತ್ತೊಯ್ದ. ಮೂಗಿಗೆ ಬಾಯಿಗೆ ಗವಸು ಹಾಕಿ ಹೊಗೆಯಂಥ ಔಷಧಿ ಬಿಟ್ಟರು. ಕಣ್ಣು ಬಿಡುವ ಹೊತ್ತಿಗೆ ಅಪ್ಪ ಯಾರದೋ ಟ್ರ್ಯಾಕ್ಟರ್ ಹತ್ತಿ ಬಂದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ, ಹೆಗಲ ಮೇಲೆ ಕಂಬಳಿ. ನರ್ಸಮ್ಮ ಕೆಟ್ಟದಾಗಿ ಏನೂ ಹೇಳಲಿಲ್ಲ. "ಅಜ್ಜಾ, ಆ ಕಂಬಳಿ ಹೊರಗಿಟ್ಟು ಬರ್ರಿ. ನಿಮ್ ಮಗಳಿಗೆ ಆಗದೇ ಇರೋದೇ ಅದು," ಅಂದರು, ಅಷ್ಟೇ. ಅಪ್ಪ ಕಂಬಳಿಯನ್ನು ನೋಡಿದ, ತನ್ನ ಅಂಗಿಯನ್ನು ನೋಡಿಕೊಂಡ, ಕೈ ನೋಡಿಕೊಂಡ. ಹೊರಗೆ ಹೋದವನು ಮತ್ತೆ ಒಳಗೆ ಬರಲೇ ಇಲ್ಲ. ನನ್ನನ್ನು ಮನೆಗೆ ಕಳಿಸುವ ದಿನವೂ ಗೇಟಿನ ಆಚೆ ನಿಂತಿದ್ದ.

ಅಲ್ಲಿಂದಾಚೆ ಅಪ್ಪ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಉಣ್ಣೆ ಮಾರಲು ಚಳ್ಳಕೆರೆಗೆ ಬಂದರೆ ಪಂಕ್ಚರ್ ಅಂಗಡಿಯ ಎದುರಿಗೆ, ರಸ್ತೆಯ ಆಚೆ ಬೇವಿನ ಮರದ ಕೆಳಗೆ ಕೂರುತ್ತಿದ್ದ. ನಾನು ಬಾಗಿಲಿಗೆ ಬಂದರೆ ಕೈ ಎತ್ತಿ, "ಅಲ್ಲೇ ಇರವ್ವ, ಗಾಳಿ ನಿನ್ ಕಡಿಗೇ ಐತೆ," ಅನ್ನುತ್ತಿದ್ದ. ಕಾಫಿಯನ್ನು ನಮ್ಮ ಯಜಮಾನರು ರಸ್ತೆ ದಾಟಿಸಿ ಕೊಡುತ್ತಿದ್ದರು. ಲಾರಿಗಳ ಸದ್ದಿನ ನಡುವೆ "ಉಸ್ರು ಹೆಂಗೈತೆ" ಅಂತ ಅವನು ಕೂಗುವುದು, "ಚೆನ್ನಾಗೈತೆ" ಅಂತ ನಾನು ಕೂಗುವುದು. ಎಣ್ಣೆ ಮಿಲ್ಲಿಗೆ ಶೇಂಗಾ ಹೊತ್ತ ಟ್ರ್ಯಾಕ್ಟರು ಅಡ್ಡ ಬಂದರೆ ಅಷ್ಟೂ ಇಲ್ಲ. ಸತ್ತು ಹೋದವರಿಗಾದರೆ ಅತ್ತು ಮುಗಿಸಬಹುದು. ರಸ್ತೆಯ ಆಚೆ ಕೂತು ಕಾಫಿ ಕುಡಿಯುವ ಅಪ್ಪನಿಗೆ ಏನಂತ ಅಳುವುದು?

ಡಾಕ್ಟರಮ್ಮನ ಹತ್ತಿರ ನಾನು ಹೋಗಿದ್ದು ಆಮೇಲೆ, ಅವರು ಆ ಪ್ರಶ್ನೆ ಕೇಳಿದ್ದೂ ಆಗಲೇ. ನನ್ನ ಉತ್ತರ ಕೇಳಿ ಪೆನ್ನು ಕೆಳಗಿಟ್ಟವರು ಅದನ್ನು ಮತ್ತೆ ಎತ್ತಿಕೊಂಡು, "ಆಗಲ್ಲ ಅಂತ ಹೇಳಲ್ಲ. ಆದರೆ ಮೊದಲು ನಾನು ಹೇಳಿದ್ದನ್ನೆಲ್ಲ ಮಾಡಿ ತೋರಿಸಿ. ಒಂದು ಮಳೆಗಾಲ, ಒಂದು ಚಳಿಗಾಲ ನಿಮ್ಮ ಎದೆ ಹೇಗಿರುತ್ತೆ ನೋಡೋಣ," ಅಂದರು.

ಮೊದಲು ಪಂಪು ಹೇಗೆ ಒತ್ತುತ್ತೀರಿ ತೋರಿಸಿ ಅಂದರು. ಒತ್ತಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಇಷ್ಟು ವರ್ಷ ನಾನು ಔಷಧಿಯನ್ನು ನಾಲಿಗೆಗೆ ಹೊಡೆದುಕೊಂಡು ಗುಳುಕ್ ಅಂತ ನುಂಗುತ್ತಿದ್ದೆ. ಎದೆಗೆ ಹೋಗಬೇಕಾದ್ದು ಹೊಟ್ಟೆಗೆ ಹೋಗುತ್ತಿತ್ತು. ಪಂಪಿಗೆ ಸಿಕ್ಕಿಸುವ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟು, ಅದರಿಂದ ನಿಧಾನವಾಗಿ ಎಳೆದು ಉಸಿರು ಹಿಡಿಯುವುದನ್ನು ಕಲಿಸಿದರು. ಕಂದು ಬಣ್ಣದ ಇನ್ನೊಂದು ಪಂಪು ಬರೆದರು. "ಇದು ಹೊಲಕ್ಕೆ ಬೇಲಿ. ನೀಲಿ ಪಂಪು ದನ ನುಗ್ಗಿದ ಮೇಲೆ ಓಡಿಸೋ ಕೋಲು. ನೀವು ಬೇಲಿ ಹಾಕದೆ ಬರೀ ಕೋಲು ಹಿಡ್ಕೊಂಡು ಓಡಾಡ್ತಿದ್ದೀರಿ," ಅಂದರು. ಹಗುರವಾಗಿದ್ದ ದಿನವೂ ಬೇಲಿ ಬೇಕು, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬೇಕು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಹಗುರವಾಗಿದ್ದ ದಿನ ಔಷಧಿ ತೆಗೆದುಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಈ ಕಾಯಿಲೆ ಇರುವವರಿಗೇ ಗೊತ್ತು. ಉಸಿರು ಸಲೀಸಾಗಿ ಓಡುತ್ತಿದ್ದರೆ ಉಸಿರಾಡುತ್ತಿದ್ದೇವೆ ಅನ್ನುವುದೇ ಮರೆತಿರುತ್ತದೆ.

ಆಮೇಲೆ ಒಂದು ಊದುವ ಕೊಳವೆ ಕೊಟ್ಟರು. ಜೋರಾಗಿ ಊದಿದರೆ ಅದರ ಮೇಲಿನ ಕೆಂಪು ಮುಳ್ಳು ಮುಂದಕ್ಕೆ ಜಾರುತ್ತದೆ. ಮುಳ್ಳು ಎಲ್ಲಿಯ ತನಕ ಹೋದರೆ ಹೆದರಬೇಕಿಲ್ಲ ಅಂತ ಹಸಿರು ಪಟ್ಟಿ ಅಂಟಿಸಿದರು. ಅದರ ಹಿಂದೆ ಹಳದಿ, ಅದಕ್ಕೂ ಹಿಂದೆ ಕೆಂಪು. ಹಳದಿಗೆ ಇಳಿದರೆ ನಾನೇ ಏನೇನು ಮಾಡಬೇಕು, ಕೆಂಪಿಗೆ ಇಳಿದರೆ ತಡಮಾಡದೆ ಎಲ್ಲಿಗೆ ಓಡಬೇಕು ಅನ್ನುವುದನ್ನು ಬಾಯಿಪಾಠ ಮಾಡಿಸಿದರು. ಇದು ಮಾತ್ರ ನಮ್ಮ ಯಜಮಾನರಿಗೆ ಬಹಳ ಹಿಡಿಸಿತು. "ಟಯರ್ ಪ್ರೆಷರ್ ನೋಡ್ದಂಗೆ ಐತೆ, ಇದು ನಂಗೆ ಅರ್ಥ ಆಗೋ ಡಾಕ್ಟ್ರಿಕೆ," ಅಂತ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನನ್ನಿಂದ ಊದಿಸಿ, ಮುಳ್ಳು ನೋಡಿ, "ಇವತ್ತು ಗಾಳಿ ಕಮ್ಮಿ ಐತಲ್ಲೇ, ನೆನ್ನೆ ಒಗ್ಗರಣೆ ಹೊಗೆ ಕುಡ್ದೆ ನೀನು," ಅಂತ ತೀರ್ಪು ಕೊಡುತ್ತಿದ್ದರು. ಒಣಮೆಣಸಿನಕಾಯಿ ಒಗ್ಗರಣೆ ಅವತ್ತಿನಿಂದ ಅವರ ಪಾಲಿಗೆ ಬಂತು. ಊದುಬತ್ತಿ ನಿಂತಿತು. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದಾಯಿತು.

ಮದುವೆಯಲ್ಲಿ ತವರಿನವರು ಕೊಟ್ಟ ಕಂಬಳಿ ಅಟ್ಟದ ಮೇಲಿತ್ತು. ಮನೆಯಲ್ಲಿ ಅದೂ ಇರಬಾರದು ಅಂತ ಡಾಕ್ಟರಮ್ಮ ಅಂದರು. ಕುರಿ ಕಾಯುವವರ ಮನೆಯ ಹೆಣ್ಣಿಗೆ ಕಂಬಳಿ ಆಗುವುದಿಲ್ಲ ಅಂದರೆ ಕೇಳಿದವರು ನಗುತ್ತಾರೆ, ಕಂಬಳಿಯಲ್ಲಿ ಊಟ ಮಾಡುತ್ತಾ ಕೂದಲು ಅಂದ ಹಾಗೆ. ಅದನ್ನು ತಮ್ಮನ ಕೈಯಲ್ಲಿ ಹಟ್ಟಿಗೆ ವಾಪಸ್ಸು ಕಳಿಸಿದೆ. ಅವನು ಬೈಕಿನ ಹಿಂದೆ ಕಟ್ಟುವಾಗ ನಾನು ಒಳಗೆ ನಿಂತು ಕಿಟಕಿಯಿಂದ ನೋಡಿದೆ. ಮದುವೆ ಮಾಡಿ ಕಳಿಸಿದ ದಿನಕ್ಕಿಂತ ಅವತ್ತು ತವರು ದೂರವಾಯಿತು ಅನ್ನಿಸಿತು.

ಚಳಿಗಾಲದಲ್ಲಿ ನಮ್ಮ ರಸ್ತೆಯಲ್ಲಿ ಮಂದೆಗಳು ಹೋಗುತ್ತವೆ. ನಮ್ಮ ಅಪ್ಪನದಲ್ಲ, ಬೇರೆ ಯಾರ್‍ಯಾರದೋ. ಗಂಟೆಗಳ ಸದ್ದು ದೂರದಲ್ಲಿ ಕೇಳಿದ ಕೂಡಲೇ ನಮ್ಮ ಯಜಮಾನರು ಅಂಗಡಿಯಿಂದ ಎದ್ದು ಬಂದು ಮನೆಯ ಕಿಟಕಿ ಮುಚ್ಚುತ್ತಾರೆ. ನಾನು ಗಾಜಿನ ಹಿಂದೆ ನಿಂತು ನೋಡುತ್ತೇನೆ. ಮುಂದೆ ಒಬ್ಬ, ಹಿಂದೆ ಒಬ್ಬ, ತಲೆಗೆ ಕೊಪ್ಪೆ, ಕಂಕುಳಲ್ಲಿ ಮರಿ. ಒಂದು ಸಲ ಯಜಮಾನರು ಟಯರು ಬಿಚ್ಚುವುದರಲ್ಲಿ ಮೈಮರೆತಿದ್ದರು. ನಾನು ಕಿಟಕಿಯನ್ನು ಎರಡು ಬೆರಳಷ್ಟು ತೆರೆದು ಮೂಗಿಟ್ಟೆ. ಎದೆ ಬಿಗಿಯುವ ಮುಂಚೆ ಒಂದೇ ಒಂದು ಉಸಿರಿನಷ್ಟು ಸಿಕ್ಕಿತು. ಮುಚ್ಚಿ, ನೀಲಿ ಪಂಪು ಎಳೆದು, ಗೋಡೆಗೆ ಒರಗಿ ಕೂತೆ. ಬೇರೆ ಯಾರದೋ ಮಂದೆಯ ವಾಸನೆ ಅದು, ಆದರೂ ಅಪ್ಪನ ತುಣುಕೊಂದು ಅದರಲ್ಲಿತ್ತು. ಮಾರನೆಯ ಬೆಳಿಗ್ಗೆ ಮುಳ್ಳು ಹಳದಿಗೆ ಇಳಿದಿತ್ತು. ಒಗ್ಗರಣೆ ಮಾಡಿದವರು ತಾವೇ ಆದ್ದರಿಂದ ಯಜಮಾನರು ಆ ದಿನ ತೀರ್ಪು ಕೊಡಲಿಲ್ಲ.

ಅದೊಂದು ಬಿಟ್ಟರೆ ಮಳೆಗಾಲವೂ ಚಳಿಗಾಲವೂ ಹಸಿರಿನಲ್ಲೇ ಕಳೆದವು. ನಿದ್ದೆ ಬಂತು. ನೀರಿನ ಕೊಡ ಎತ್ತಿ ನಿಲ್ಲದೆ ನಡೆದೆ. ಮಕ್ಕಳಿಗೆ ಬೈಯುವಾಗ ಒಂದೇ ಉಸಿರಿನಲ್ಲಿ ಪೂರ್ತಿ ಬೈಯುವಷ್ಟು ಶಕ್ತಿ ಬಂತು, ಅದಕ್ಕೆ ಅವರು ಡಾಕ್ಟರಮ್ಮನನ್ನು ಬೈದುಕೊಂಡಿರಬೇಕು. ಮುಂದಿನ ಮಳೆಗಾಲದ ಕೊನೆಗೆ ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ನಾನು ಬಾಯಿ ಬಿಡುವ ಮುಂಚೆ ಅವರೇ, "ಮಂದೆ ತಾನೆ? ಹೋಗಿ ಬನ್ನಿ," ಅಂದರು. ಉಣ್ಣೆ ಕತ್ತರಿಸುವ ಕಾಲದಲ್ಲಿ ಬೇಡ. ಸಂಜೆ ಕುರಿ ಕೂಡುವ ಧೂಳಿನ ಹೊತ್ತಿನಲ್ಲಿ ಬೇಡ. ಮಳೆ ಬಿದ್ದು ನೆಲ ಹಸಿಯಾಗಿದ್ದಾಗ ಹೋಗಿ, ಕುರಿಗಳ ಕಡೆಯಿಂದ ಗಾಳಿ ಬೀಸದ ಜಾಗದಲ್ಲಿ ಕೂರಿ, ಮಾಸ್ಕ್ ಹಾಕಿ, ನೀಲಿ ಪಂಪು ಕೈಯಲ್ಲೇ ಇರಲಿ. ಎದೆ ಬಿಗಿದರೆ ಮುಲಾಜಿಲ್ಲದೆ ಎದ್ದು ಬನ್ನಿ. ಕಂಬಳಿ ಮಾತ್ರ ಮುಟ್ಟುವ ಹಾಗಿಲ್ಲ. ಎಲ್ಲದಕ್ಕೂ ಹೂಂ ಅಂದೆ.

ಹೂಂ ಅನ್ನದವನು ಅಪ್ಪ. ತಮ್ಮನ ಮೊಬೈಲಿನಲ್ಲಿ ಮಾತಾಡಿದೆ.

"ಬ್ಯಾಡವ್ವ. ನೀನು ಚೆನ್ನಾಗಿದೀಯ, ಅಷ್ಟೇ ಸಾಕು ನಂಗೆ."

"ಡಾಕ್ಟ್ರೇ ಹೋಗು ಅಂದವ್ರೆ ಅಪ್ಪ."

"ಡಾಕ್ಟ್ರು ಅವತ್ತು ಮಂದೇಲಿ ಇರ್ಲಿಲ್ಲ. ನಾನಿದ್ದೆ. ನನ್ ಕೈಲೇ ಆಗಿತ್ತು ಅವತ್ತು. ನಾನೇ ಸುತ್ತಿದ್ದೆ ನಿನ್ನ."

ಇಷ್ಟು ವರ್ಷ ಅವನು ರಸ್ತೆಯ ಆಚೆ ಯಾಕೆ ಕೂರುತ್ತಿದ್ದ ಅಂತ ನನಗೆ ಗೊತ್ತಿತ್ತು. ಅದನ್ನು ಅವನ ಬಾಯಿಂದ ಕೇಳಿದ್ದು ಮಾತ್ರ ಅವತ್ತೇ. ಅಷ್ಟರಲ್ಲಿ ಆ ಕಡೆ ಅವ್ವ ಮೊಬೈಲು ಕಿತ್ತುಕೊಂಡಳು. "ಆವಯ್ಯನ ಮಾತು ಏನ್ ಕೇಳ್ತೀಯ? ನಿನ್ ಹೆಸ್ರು ಹೇಳ್ಕಂಡು ದಿನಾ ರೊಟ್ಟಿ ಅರ್ಧಕ್ಕೆ ಬಿಡ್ತಾನೆ. ನೀನು ಬಾ," ಅಂದಳು. ಹಿಂದಿನಿಂದ ಅಪ್ಪನ ದನಿ ಸಣ್ಣಗೆ ಕೇಳಿತು. "ಮಳೆ ಬಿದ್ದ ಮಾರನೇ ದಿನ ಬರಾಕೆ ಹೇಳು. ಧೂಳು ಕುಂತಿರ್ತೈತೆ."

ನಮ್ಮ ಕಡೆ ಮಳೆಯನ್ನು ನಂಬಿ ಕೂತರೆ ಆಯಿತು. ಆದರೆ ಆ ವರ್ಷ ಹಿಂಗಾರು ಮಾತು ಉಳಿಸಿಕೊಂಡಿತು. ಒಂದು ಸಂಜೆ ಚೆನ್ನಾಗಿ ಹುಯ್ದು, ಬೆಳಿಗ್ಗೆ ತಮ್ಮ ಫೋನು ಮಾಡಿ ನೆಲ ಹಸಿಯಾಗಿದೆ ಅಂದ. ಕಂದು ಪಂಪು ಎಳೆದು, ಬಾಯಿ ಮುಕ್ಕಳಿಸಿ, ಕೊಳವೆ ಊದಿದೆ. ಯಜಮಾನರು ಮುಳ್ಳು ನೋಡಿ, "ಲಾರಿ ಟಯರ್ ಇದ್ದಂಗೆ ಐತೆ, ಹೊರಡು," ಅಂದರು. ಅವರೂ ಬರುತ್ತೇನೆ ಅಂದರು, ನಾನೇ ಬೇಡ ಅಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೋದೆ. ಹೊಲಗಳಲ್ಲಿ ಶೇಂಗಾ ಬಳ್ಳಿಯ ಮೆದೆಗಳು ಒದ್ದೆಯಾಗಿ ಕಪ್ಪಾಗಿದ್ದವು. ಮದುವಣಗಿತ್ತಿಯಾಗಿ ಹೋಗುವಾಗಲೂ ನನಗೆ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ.

ಮಂದೆ ಆಗ ಬ್ರಹ್ಮಗಿರಿ ಗುಡ್ಡ ಕಾಣುವ ಒಂದು ಹೊಲದಲ್ಲಿತ್ತು. ತಮ್ಮ ಬೈಕಿನಲ್ಲಿ ಕರೆದುಕೊಂಡು ಹೋಗಿ ಹೊಲದ ಈ ತುದಿಯಲ್ಲಿ ಇಳಿಸಿದ. ಕುರಿಗಳು ಆ ತುದಿಯಲ್ಲಿದ್ದವು, ಗಾಳಿ ನಮ್ಮ ಕಡೆಯಿಂದ ಅವುಗಳ ಕಡೆಗೆ ಬೀಸುತ್ತಿತ್ತು. ಬೆಳಿಗ್ಗೆಯಿಂದ ಅಪ್ಪ ಎರಡು ಸಲ ಮಂದೆಯ ಜಾಗ ಬದಲಾಯಿಸಿದ್ದನಂತೆ. "ಗಾಳಿ ತಿರುಗ್ದಂಗೆಲ್ಲ ಕುರಿ ತಿರುಗಿಸ್ತಾ ಅವ್ನೆ, ಅವು ಮೇಯ್ದೇ ಇಲ್ಲ ಇವತ್ತು," ಅಂತ ಗೊಣಗಿ ತಮ್ಮ ಕುರಿಗಳ ಕಡೆ ಹೋದ.

ಬದುವಿನ ಮೇಲೆ ಬಿಳಿ ಅಂಗಿಯ ಯಾರೋ ಬರುತ್ತಿದ್ದರು. ಹೊಲದ ಯಜಮಾನರಿರಬೇಕು ಅಂದುಕೊಂಡು ಸೆರಗು ಸರಿಮಾಡಿಕೊಂಡೆ. ಹತ್ತಿರ ಬಂದ ಮೇಲೆ ಗೊತ್ತಾಯಿತು, ಅಪ್ಪ. ಹೆಗಲ ಮೇಲೆ ಕಂಬಳಿ ಇರಲಿಲ್ಲ. ಕಂಬಳಿ ಇಲ್ಲದ ಅಪ್ಪನನ್ನು ಹಗಲಿನಲ್ಲಿ ನಾನು ನೋಡಿಯೇ ಇರಲಿಲ್ಲ, ಹೆಗಲು ಇಷ್ಟು ಸಣ್ಣದಿದೆ ಅಂತ ತಿಳಿದಿರಲಿಲ್ಲ. ಅಂಗಿ ಹೊಸದು, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ತಲೆಗೂದಲು ಒದ್ದೆ, ಬಾಚಿದ್ದ. ಕೈಯಲ್ಲಿ ಒಂದು ಹೊಸ ಪ್ಲಾಸ್ಟಿಕ್ ಚಾಪೆ. ಅದನ್ನು ಹಾಸಿ, ತಾನು ಕೂರದೆ ಸ್ವಲ್ಪ ದೂರದಲ್ಲೇ ನಿಂತ.

"ಅದೇನೋ ಊದ್ತೀಯಂತಲ್ಲ, ಊದು ನೋಡಾನ," ಅಂದ.

ಮಾಸ್ಕ್ ಸರಿಸಿ ಊದಿ, ಮತ್ತೆ ಹಾಕಿಕೊಂಡೆ. ಮುಳ್ಳು ಹಸಿರಿಗೆ ಹೋಗಿ ನಿಂತಿತು. ಅಪ್ಪ ಬಗ್ಗಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಮುಳ್ಳು ನೋಡಿದ. ಆಮೇಲೆ ಬಂದು ಪಕ್ಕದಲ್ಲಿ ಕೂತ. ಭುಜಕ್ಕೆ ಭುಜ ತಾಗಿತು. ಇಬ್ಬರೂ ಕುರಿಗಳ ಕಡೆ ನೋಡುತ್ತಾ ಕೂತೆವು. ದೂರದಿಂದ ಅವು ಚೆಲ್ಲಿದ ಕಾಳಿನ ಹಾಗೆ ಕಾಣುತ್ತಿದ್ದವು. ಗಂಟೆಗಳ ಸದ್ದು ಆಗಾಗ ಬರುತ್ತಿತ್ತು. ಯಾವ ಕುರಿ ಈದಿದೆ, ಯಾವುದಕ್ಕೆ ಕಾಲು ಕುಂಟು, ಎಲ್ಲ ಹೇಳಿದ. ನಾನು ಉಸಿರಾಡುತ್ತಿದ್ದೆ. ಎಲ್ಲೂ ಸೀಟಿ ಇರಲಿಲ್ಲ, ಬಿಗಿತ ಇರಲಿಲ್ಲ. ಇಷ್ಟಕ್ಕಾಗಿ ತಾನೆ ಎರಡು ಮಳೆಗಾಲ ಆ ಪಂಪು ಎಳೆದಿದ್ದು.

ಮಾಸ್ಕ್ ಕೆಳಗಿಳಿಸಿ ಅವನ ಭುಜಕ್ಕೆ ಒರಗಿದೆ. ಮೂಗು ಅಂಗಿಗೆ ತಾಗಿತು. ನಿಧಾನವಾಗಿ, ಡಾಕ್ಟರಮ್ಮ ಕಲಿಸಿದ ಹಾಗೆ, ಉದ್ದಕ್ಕೆ ಉಸಿರೆಳೆದೆ. ಸೋಪು. ಹೊಸ ಬಟ್ಟೆಯ ಗಂಜಿ. ಇನ್ನೊಂದು ಸಲ ಎಳೆದೆ, ಅದರ ಹಿಂದೆ ಎಲ್ಲಾದರೂ ಇರಬಹುದು ಅಂತ ಹುಡುಕಿದೆ. ಬೀಡಿಯೂ ಇರಲಿಲ್ಲ. ನನ್ನ ಎದೆಯ ತುಂಬ ಜಾಗವಿತ್ತು, ಉಸಿರು ಎಷ್ಟು ಬೇಕಾದರೂ ಹಿಡಿಸುತ್ತಿತ್ತು, ತುಂಬಿಕೊಳ್ಳಲು ಮಾತ್ರ ಅಪ್ಪ ಅಲ್ಲಿರಲಿಲ್ಲ. ರಸ್ತೆಯ ಈಚೆ ನಿಂತಾಗಲೂ ಅವನು ನನಗೆ ಅಷ್ಟು ಬೇಕು ಅನ್ನಿಸಿರಲಿಲ್ಲ, ಈಗ ಇಷ್ಟು ಹತ್ತಿರ ಕೂತು ಅನ್ನಿಸಿತು.

ನಾನು ಮೂಗು ಎಳೆಯುವುದು ನೋಡಿ ಅಪ್ಪ ಗಾಬರಿಯಿಂದ ಭುಜ ಹಿಂದಕ್ಕೆ ತೆಗೆದ.

"ಬೆಳಿಗ್ಗೆನೇ ಬೋರ್ ಹತ್ರ ಹೋಗಿ ತಿಕ್ಕಿ ತಿಕ್ಕಿ ತೊಳ್ಕಂಡೀನಿ ಅವ್ವ. ತಲೆಗೂ ಸೋಪು ಹಾಕೀನಿ. ಇನ್ನೂ ವಾಸ್ನೆ ಬರ್ತೈತಾ?"

"ಇಲ್ಲಪ್ಪ," ಅಂದೆ. "ಒಂಚೂರೂ ಬರ್ತಿಲ್ಲ."

"ಸದ್ಯ," ಅಂದ ಅಪ್ಪ. ಇನ್ನೂ ಸ್ವಲ್ಪ ಹತ್ತಿರಕ್ಕೆ ಸರಿದು ಕೂತ.